ಗದ್ದದ ಹಚ್ಚೆ

"ಚಿತ್ರ ನೋಂದಾಯಿತ ಮುದ್ರೆಗೆ ಹೊಂದುತ್ತಿಲ್ಲ." ಇಮೇಲ್ ಲೋಗೋಗೆ ಪ್ರಮಾಣಪತ್ರ ಕೊಡುವ ಕಂಪನಿಯಿಂದ ಮತ್ತೆ ಅದೇ ಉತ್ತರ. ಕಚೇರಿ ಕೆಲಸ ನೋಡಿಕೊಳ್ಳುವ ವಿದಾದ್ ಲ್ಯಾಪ್‌ಟಾಪ್ ಮುಚ್ಚಿದಳು. ಕಣ್ಣುಜ್ಜಿಕೊಳ್ಳಲು ಕೈಯೆತ್ತಿ, ಬೆರಳಲ್ಲಿ ಖಾರವಿದ್ದೀತೆಂದು ಇಳಿಸಿದಳು. ಕೈರುವಾನ್ ಊರಿನ ಆ ಹರೀಸಾ ಎಂಬ ಮೆಣಸಿನ ಚಟ್ನಿಯ ಕಾರ್ಖಾನೆಯಲ್ಲಿ ಮೇಜಿನ ಮೇಲೂ ಮೆಣಸಿನ ಪುಡಿಯೇ.

ಯಾರೋ ಕಳ್ಳರು ಕಾರ್ಖಾನೆಯ ಹೆಸರಿನಲ್ಲಿ ಫ್ರಾನ್ಸಿನ ಅಂಗಡಿಗಳಿಗೆ ಇಮೇಲ್ ಕಳಿಸಿ ಮುಂಗಡ ದೋಚುತ್ತಿದ್ದರು. ಇನ್‌ಬಾಕ್ಸಿನಲ್ಲಿ ಹೆಸರಿನ ಪಕ್ಕ ಪರಿಶೀಲಿಸಿದ ಲೋಗೋ ಕಂಡರಷ್ಟೇ ನಂಬುತ್ತೇವೆ ಎಂದು ಅಂಗಡಿಯವರು ಹಟ ಹಿಡಿದಿದ್ದರು. ಲೋಗೋ ಎಂದರೆ ಮಾಲೀಕ ಲಸಾದನ ತಾಯಿಯ ಮುಖ. ನೋಂದಣಿಯಾದ ಮುಖದ ಗದ್ದದ ಮೇಲೆ ಹಚ್ಚೆಯಿತ್ತು. ಹೊಸ ಡಬ್ಬಿ ಮಾಡಿಸುವಾಗ, ಹಳ್ಳಿಗಾಡಿನವಳ ಹಾಗೆ ಕಾಣುತ್ತದೆಂದು ಲಸಾದನೇ ಅದನ್ನು ತೆಗೆಸಿದ್ದ. ಹೊಸ ಮುಖದ ನೋಂದಣಿಗೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಗಿರಾಕಿಗಳು ಉಳಿದಿರುವುದಿಲ್ಲ.

"ಹಳೇದನ್ನೇ ಹಾಕು. ಆದ್ರೆ ಅಮ್ಮನ್ನ ನೀನೇ ಕೇಳು, ನನ್ನ ಕೈಲಾಗಲ್ಲ," ಎಂದು ಲಸಾದ್ ಸಿಗರೇಟು ಹಿಡಿದು ಹೊರಗೆ ಹೋಗಿಬಿಟ್ಟ.

ಅಂಗಳದಲ್ಲಿ, ಎಲ್ಲರೂ ಉಮ್ಮಿ ಎನ್ನುವ ಅವನ ತಾಯಿ ಒಣಮೆಣಸಿನ ತೊಟ್ಟು ಬಿಡಿಸುತ್ತಿದ್ದಳು. ಹಚ್ಚೆ ಪಾಪವೆಂದು ಟಿವಿಯಲ್ಲಿ ಶೇಖ್ ಒಬ್ಬರು ಹೇಳಿದಂದಿನಿಂದ ಅವಳ ತಲೆವಸ್ತ್ರ ಗದ್ದ ಬಿಟ್ಟು ಸರಿದದ್ದಿಲ್ಲ.

"ಉಮ್ಮಿ, ನಿಮ್ಮ ಮುಖ ಬೇಕಿತ್ತು."

"ತಗೊಂಡು ಹೋಗೇ. ಸುಕ್ಕು ಬಿಟ್ರೆ ಇನ್ನೇನಿದೆ ಇದ್ರಲ್ಲಿ!"

"ಹಳೇ ಮುಖ. ಹಚ್ಚೆ ಇರೋದು."

ಮುದುಕಿಯ ಕೈ ತಲೆವಸ್ತ್ರಕ್ಕೆ ಹೋಯಿತು. "ಆ ಹೇಡಿ ಕಳಿಸಿದ್ನಾ? ಕೂಸಾಗಿದ್ದಾಗ ಇದರ ಮೇಲೆ ಬೆರಳಿಟ್ಟರೇನೇ ನಿದ್ದೆ ಅವನಿಗೆ. ದೊಡ್ಡ ಮನುಷ್ಯ ಆದ್ಮೇಲೆ ನಾಚಿಕೆ." ತಲೆವಸ್ತ್ರವನ್ನು ಇನ್ನಷ್ಟು ಬಿಗಿದುಕೊಂಡಳು. "ನಾನೂ ನಿಂಬೆ, ಉಪ್ಪು, ಬ್ಲೀಚು ಎಲ್ಲ ಹಾಕಿ ತಿಕ್ಕಿದೆ ಮಗಳೇ. ಚರ್ಮ ಸುಲೀತು, ಅದು ಹೋಗ್ಲಿಲ್ಲ."

ವಿದಾದ್‌ಗೆ ಒತ್ತಾಯಿಸುವ ಶಕ್ತಿಯಿರಲಿಲ್ಲ. ಮೆಣಸಿನ ಮೂಟೆಯ ಮೇಲೆ ಕುಸಿದು ಕೂತಳು. "ಬೇಡ ಅಂದ್ರೆ ಬಿಟ್ಬಿಡ್ತೀನಿ, ಉಮ್ಮಿ."

"ಬಿಟ್ರೆ?"

"ಕಳ್ಳರು ನಮ್ಮ ಹೆಸರಲ್ಲಿ ಇಮೇಲ್ ಕಳಿಸ್ತಾನೇ ಇರ್ತಾರೆ. ಡಬ್ಬಿ ಮೇಲಿನ ಮುಖ ಎತ್ತಿ ಅಂಟಿಸ್ಕೊಂಡಿದ್ದಾರೆ."

"ಯಾವುದು, ತೊಳೆದಿದ್ದಾ?"

"ಹೂಂ, ತೊಳೆದಿದ್ದೇ."

ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ನಗು ಬೇಗನೆ ನಿಂತಿತು. "ತೋರ್ಸು ಹಳೇದನ್ನ."

ಫೋನಿನಲ್ಲಿ ಮಾದರಿ ಇಮೇಲ್ ಇತ್ತು. ಮುಖ ಒಂದು ಗುಂಡಿಯಷ್ಟು. ಗದ್ದದಲ್ಲಿ ಜೀರಿಗೆ ಕಾಳಿನಷ್ಟು ಕಪ್ಪು. ಉಮ್ಮಿ ಹೆಬ್ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಆ ಕಪ್ಪನ್ನು ಉಜ್ಜಿದಳು. ಗಾಜಿನ ಮೇಲೆ ಕೆಂಪು ಬಳಿದುಕೊಂಡಿತು. ವಿದಾದ್ ಒರೆಸಿದಳು. ಕಪ್ಪು ಅಲ್ಲೇ ಇತ್ತು.

"ಇಲ್ಲೂ ಹೋಗಲ್ಲ," ಅಂದಳು ಉಮ್ಮಿ. "ಕಳಿಸು."

ಮೆಣಸಿನ ರಾಶಿಗೆ ಬಗ್ಗಿದಾಗ ತಲೆವಸ್ತ್ರ ಗದ್ದ ಬಿಟ್ಟು ಕುತ್ತಿಗೆಗೆ ಜಾರಿತು. ಉಮ್ಮಿ ಅದನ್ನು ಮೇಲೆಳೆದುಕೊಳ್ಳದೆ ಇನ್ನೊಂದು ಮೆಣಸಿನ ತೊಟ್ಟು ಮುರಿದಳು.