ಕಂಚು ಬಳಗದ ದೊಡ್ಡಕ್ಕ

ಅಭಿಮಾನ ಅನ್ನುವುದು ಕೆಲಸವಿಲ್ಲದವರ ಕಾಯಿಲೆ ಎಂದು ಯಾರಾದರೂ ಹೇಳಿದರೆ ಅವರನ್ನೊಮ್ಮೆ ದೊಡ್ಡಕ್ಕನ ಹೊಲಿಗೆ ಅಂಗಡಿಗೆ ಕಳಿಸಬೇಕು. ಬೆಳಗ್ಗೆ ಬಾಗಿಲು ತೆಗೆದರೆ ಸಂಜೆಯ ತನಕ ಆಕೆಗೆ ತಲೆ ತುರಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಶಾಲೆಯ ಸಮವಸ್ತ್ರ, ನರ್ಸುಗಳ ಕೋಟು, ಸೊಂಟ ಬಿಗಿಯಾಯಿತು ಎಂದು ವರ್ಷ ವರ್ಷವೂ ಹೊಲಿಗೆ ಬಿಚ್ಚಿಸಿಕೊಳ್ಳಲು ಬರುವ ಅದೇ ಗಂಡಸರ ಅದೇ ಪ್ಯಾಂಟುಗಳು. ಇಷ್ಟರ ನಡುವೆ, ಮಷೀನಿನ ಮೇಲೆ ದಾರದ ಉಂಡೆಗಳಿಗೆ ಮೊಬೈಲನ್ನು ಒರಗಿಸಿಕೊಂಡು, ಆಕೆ ಸಾವಿರಾರು ಜನರ ಒಂದು ಆನ್‌ಲೈನ್ ಗುಂಪನ್ನು ನಡೆಸುತ್ತಿದ್ದಳು. ಅದರ ಹೆಸರು ಕಂಚು ಬಳಗ. ಆಕೆ ಅದರ ಅಡ್ಮಿನ್. ಅಜ್ಜಂದಿರಿಂದ ಹಿಡಿದು ಕಾಲೇಜಿನ ಹುಡುಗರ ತನಕ ಎಲ್ಲರಿಗೂ ದೊಡ್ಡಕ್ಕ.

ಕಂಚು ಅಂದರೆ ಗಾಯಕ. ಕಂಚಿನಂಥ ಕಂಠ ಎಂದು ಯಾರೋ ಬರೆದಿದ್ದೇ ನೆಪ, ಎಲ್ಲರ ಬಾಯಲ್ಲಿ ಅವನು ಕಂಚು ಆದ. ಆಗದವರು ತಗಡು ಅನ್ನುತ್ತಿದ್ದರು. ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಬಿಡಿ. ದೊಡ್ಡಕ್ಕ ಅವನನ್ನು ಹಿಂದಿನ ಸೀಟುಗಳಿಂದ ನೋಡಿದ್ದಳೇ ಹೊರತು ಒಂದು ಮಾತೂ ಆಡಿರಲಿಲ್ಲ. ಆದರೂ ಅವಳ ಬಾಯಲ್ಲಿ ಅವನು ಯಾವತ್ತೂ 'ನಮ್ಮ ಹುಡುಗ'. ಬೇಕರಿಯಲ್ಲಿ ಒಲೆಯ ಕೆಲಸ ಮಾಡುವ ಗಂಡನಿಗೆ ಇದರಿಂದ ಒಳಗೊಳಗೇ ಉರಿ. ನಿನ್ನ ಹುಡುಗನಿಗೆ ಐವತ್ತು ದಾಟಿತು, ಮಂಡಿನೋವಂತೆ ಎಂದು ಪೇಪರಿನಲ್ಲಿದ್ದದ್ದನ್ನು ಓದಿ ಹೇಳಿದ ದಿನ ಅವನು ಎರಡು ತುತ್ತು ಹೆಚ್ಚು ಉಂಡಿದ್ದ.

ಬಳಗಕ್ಕೆ ಒಂದು ಕಟ್ಟಳೆಯಿತ್ತು, ಅದು ದೊಡ್ಡಕ್ಕನೇ ತಂದದ್ದು. ಹಿಂದೊಮ್ಮೆ ಬಳಗದವನೇ ಒಬ್ಬ ಎದುರಾಳಿ ಗಾಯಕನ ತಾಯಿಯನ್ನು ಎತ್ತಿ ಆಡಿ ಬರೆದಿದ್ದ. ದೊಡ್ಡಕ್ಕ ಬೈಯಲಿಲ್ಲ, ಗುಂಪಿನಿಂದ ಹೊರಗೂ ಹಾಕಲಿಲ್ಲ. ಬರೆದದ್ದನ್ನೇ ನಿನ್ನ ದನಿಯಲ್ಲಿ ಓದಿ ಕಳಿಸಪ್ಪ, ಮನೆಯವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದು ಎಂದಳು. ಅವನು ಬರೆದದ್ದನ್ನು ಅಳಿಸಿದ. ಅಂದಿನಿಂದ ಅದೇ ರೂಢಿಯಾಯಿತು. ಯಾರಾದರೂ ಕೆಟ್ಟದಾಗಿ ಬರೆದರೆ ಸಾಕು, ಕೆಳಗೆ ನೂರು ಜನ 'ಬಾಯಲ್ಲಿ ಹೇಳು' ಎಂದು ಹಾಕುತ್ತಿದ್ದರು. ಬೆರಳಿಗಿರುವ ಧೈರ್ಯ ನಾಲಿಗೆಗೆ ಇರುವುದಿಲ್ಲ ನೋಡಿ. ಬೇರೆ ಗುಂಪುಗಳು ಸಂತೆಯಾಗಿದ್ದಾಗ ಈ ಬಳಗ ಮನೆಯ ಹಾಗಿತ್ತು, ಅದರ ಬಗ್ಗೆ ದೊಡ್ಡಕ್ಕನಿಗೆ ಜಂಬವೂ ಇತ್ತು. ಯಾಕಿರಬಾರದು?

ಅದಕ್ಕೆ ತಕ್ಕ ಮರ್ಯಾದೆಯೂ ಬಂತು. ಕಂಚು ಹಾಡಲು ಶುರುಮಾಡಿ ಇಪ್ಪತ್ತೈದು ವರ್ಷವಾದ ದೊಡ್ಡ ಕಾರ್ಯಕ್ರಮದಲ್ಲಿ ಬಳಗವನ್ನು ಅಧಿಕೃತ ಎಂದು ಘೋಷಿಸುತ್ತೇವೆ, ನೀವು ವೇದಿಕೆಗೆ ಬಂದು ಅವರ ಪಕ್ಕ ನಿಲ್ಲಬೇಕು ಎಂದು ಅವನ ಮ್ಯಾನೇಜರ್ ಫೋನ್ ಮಾಡಿ ಹೇಳಿದ. ದೊಡ್ಡಕ್ಕ ಆ ದಿನಕ್ಕೆಂದು ತನಗೇ ಒಂದು ಬಟ್ಟೆ ಹೊಲಿದುಕೊಂಡಳು. ಊರಿನವರಿಗೆಲ್ಲ ಹೊಲಿಯುವವಳು ತನಗೆ ಹೊಲಿದುಕೊಳ್ಳುವುದೆಂದರೆ ಸಣ್ಣ ಮಾತಲ್ಲ.

ಅಷ್ಟರಲ್ಲಿ ಆ ಕಾಗೆಯ ಗಲಾಟೆ.

ಕಂಚುವಿನ ಹಾಡುಗಳಲ್ಲೆಲ್ಲ ದೊಡ್ಡದು ದೋಣಿ ಹಾಡು. ಅದರ ಎರಡನೆಯ ಚರಣದ ಕೊನೆಗೆ ಅವನು 'ತೀರ ಎಲ್ಲಿ?' ಎಂದು ಕೇಳುತ್ತಾನೆ. ಮತ್ತೊಮ್ಮೆ, ಇನ್ನೂ ಎತ್ತರದಲ್ಲಿ, 'ತೀರ ಎಲ್ಲಿ?' ಎಂದು ಕೇಳಿ ನಿಲ್ಲುತ್ತಾನೆ. ಆಗ ಹಿಂದಿನ ಸಾಲಿನಿಂದ ಕೋರಸ್ಸಿನ ಹೆಂಗಸೊಬ್ಬಳು 'ಇಲ್ಲೇ, ಇಲ್ಲೇ' ಎಂದು ಉತ್ತರ ಹೇಳುತ್ತಾಳೆ. ಕೇಳಿದವರಿಗೆ ಮೈ ಜುಮ್ಮೆನ್ನುವ ಜಾಗ ಅದು. ಆ ದೊಡ್ಡ ದಿನಕ್ಕೆ ಮೊದಲೇ ನಡೆದ ಇನ್ನೊಂದು ಕಾರ್ಯಕ್ರಮದಲ್ಲಿ ಆ ಜಾಗದಲ್ಲೇ ಎರಡು ದನಿ ಒಂದರ ಮೇಲೊಂದು ಬಿದ್ದು ಹಾಡು ಕೆಟ್ಟಿತು. ಕಂಚು ವಾದ್ಯ ನಿಲ್ಲಿಸಿ, ಮೈಕಿನಲ್ಲೇ, ಯಾರ್ರೀ ಕಾಗೆ ತಂದು ಕೂರಿಸಿರೋದು ಎಂದ. ಸಭೆ ಗೊಳ್ಳೆಂದು ನಕ್ಕಿತು. ಕೋರಸ್ಸಿನ ಹೆಂಗಸು ಎದ್ದು, ತಲೆ ತಗ್ಗಿಸಿ, ಪರದೆಯ ಹಿಂದಕ್ಕೆ ಹೋದಳು. ಅಷ್ಟು ಭಾಗವನ್ನು ಮಾತ್ರ ಯಾರೋ ಕತ್ತರಿಸಿ ಹಾಕಿದರು, ಊರೆಲ್ಲ ನೋಡಿತು.

ಅಲ್ಲಿಂದ ಶುರುವಾಯಿತು ಬೀದಿ ಜಗಳ. ಗಾಯಕನಿಗೆ ಅಹಂಕಾರ ನೆತ್ತಿಗೇರಿದೆ ಎಂದು ಒಂದು ಕಡೆ, ಹಾಡಲು ಬಾರದವಳಿಗೆ ಬರುವುದಿಲ್ಲ ಎಂದರೆ ತಪ್ಪೇನು ಎಂದು ಇನ್ನೊಂದು ಕಡೆ. ಕಂಚು ಬಳಗದ ಪಟಾಕಿ ಎಂಬ ಹುಡುಗ (ಹಚ್ಚುವ ಮೊದಲೇ ಸಿಡಿಯುವವನು ಎಂದು ಆ ಹೆಸರು) ಮೊದಲ ಕಾಗೆಯ ಚಿತ್ರ ಹಾಕಿದ. ಬೆಳಗಾಗುವುದರೊಳಗೆ ಗುಂಪಿನ ತುಂಬ ಕಾಗೆಗಳು. ಬಾಯಲ್ಲಿ ಹೇಳು ಎನ್ನೋಣವೆಂದರೆ ಚಿತ್ರವನ್ನು ಬಾಯಲ್ಲಿ ಹೇಳುವುದು ಹೇಗೆ? ಕಟ್ಟಳೆಯ ಬೇಲಿಯಲ್ಲಿ ಹುಡುಗರು ಕಂಡಿ ಮಾಡಿದ್ದರು. ಆ ಹೆಂಗಸಿನ ಖಾತೆಗೇ ಹೋಗಿ ಅಲ್ಲೂ ಕಾಗೆಗಳನ್ನು ಸುರಿದು ಬಂದರು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ದೊಡ್ಡಕ್ಕನ ಮಗಳು ಮಧ್ಯಾಹ್ನ ಊಟಕ್ಕೆ ಬಂದವಳು ಅದನ್ನೆಲ್ಲ ತೋರಿಸಿ, ನಿನ್ನ ಬಳಗ ಮನೆಯ ಹಾಗೆ ಅಂತಿದ್ಯಲ್ಲ, ಮನೆ ಇದೇನಾ ಎಂದು ಕೇಳಿ ಕೈ ತೊಳೆದು ಹೋದಳು. ದೊಡ್ಡಕ್ಕನಿಗೆ ಮುಳ್ಳು ಚುಚ್ಚಿದಂತಾಯಿತು.

ಅದೇ ದಿನ ಮ್ಯಾನೇಜರ್ ನಾಲ್ಕು ಸಾಲು ಬರೆದು ಕಳಿಸಿದ. ಕೋರಸ್ ಗಾಯಕಿ ತಪ್ಪು ಜಾಗದಲ್ಲಿ ಬಾಯಿ ಹಾಕಿದ್ದಕ್ಕೆ ಬಳಗದವರಾದ ನಾವೇ ಸಾಕ್ಷಿ, ನಮ್ಮ ಗಾಯಕರ ಮೇಲೆ ಅಪಪ್ರಚಾರ ನಿಲ್ಲಲಿ, ಎಂಬ ಹೇಳಿಕೆ. ಹಾಡನ್ನು ಹಗಲಿರುಳು ಕೇಳುವ ನೀವೇ ಹೇಳಿದರೆ ಊರಿನ ಬಾಯಿ ಮುಚ್ಚುತ್ತದೆ, ಇವತ್ತೇ ಹಾಕಿಬಿಡಿ ಮೇಡಂ ಎಂದ. ಹಾಕುವುದೇನು ಕಷ್ಟ? ಆದರೆ ಬಳಗದ ಮಾತನ್ನು ದೊಡ್ಡಕ್ಕ ಯಾವತ್ತೂ ತನ್ನ ದನಿಯಲ್ಲೇ ಹೇಳುವವಳು. ಸಾಕ್ಷಿ ಎನ್ನುವುದಕ್ಕೆ ಮುಂಚೆ ಒಮ್ಮೆ ಕೇಳಿಬಿಡೋಣ ಎಂದುಕೊಂಡಳು. ಬಳಗದ ಬಸ್ ಡ್ರೈವರ್ ಒಬ್ಬ ಪ್ರತಿ ಕಾರ್ಯಕ್ರಮವನ್ನೂ ಮೊದಲಿಂದ ಕೊನೆಯವರೆಗೆ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಅವನಿಂದ ಅದನ್ನು ತರಿಸಿ, ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು, ಒಂದು ಕೋಟಿನ ತೋಳು ಹೊಲಿಯುತ್ತಾ ಕೇಳತೊಡಗಿದಳು.

ದೋಣಿ ಹಾಡು ಬಂತು. ಆಕೆಯೂ ಗುನುಗತೊಡಗಿದಳು, ವರ್ಷಗಳ ಅಭ್ಯಾಸ. ತೀರ ಎಲ್ಲಿ? ತೀರ ಎಲ್ಲಿ? ದೊಡ್ಡಕ್ಕನ ಬಾಯಿ ತಾನಾಗಿ 'ಇಲ್ಲೇ' ಎಂದಿತು. ಕಿವಿಯಲ್ಲಿ ಆ ಹೆಂಗಸೂ ಅದೇ ಗಳಿಗೆಯಲ್ಲಿ 'ಇಲ್ಲೇ' ಎಂದಳು. ಅವರಿಬ್ಬರ ಮೇಲೆ ಬಂದು ಬಿದ್ದದ್ದು ಕಂಚುವಿನ ಮೂರನೆಯ 'ತೀರ ಎಲ್ಲಿ'. ಹಾಡಿನಲ್ಲೇ ಇಲ್ಲದ ಮೂರನೆಯದು. ಎರಡು ಸಲ ಕೇಳಿದ್ದನ್ನು ಮರೆತು ಅವನೇ ಮತ್ತೆ ಕೇಳಿದ್ದ. ದೊಡ್ಡಕ್ಕ ಮಷೀನಿನಿಂದ ಕಾಲು ತೆಗೆದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಅಯ್ಯೋ ಹುಡುಗ, ಏನು ಮಾಡಿಬಿಟ್ಟೆ ಎಂದುಕೊಂಡಳು.

ತನ್ನ ಕಿವಿಯೊಂದನ್ನೇ ನಂಬಬಾರದು ಎಂದು ಗುಂಪಿನಲ್ಲಿ ಒಂದು ಮಾತು ಹಾಕಿದಳು. ಎಲ್ಲರೂ ದೋಣಿ ಹಾಡಿನ ಎರಡನೇ ಚರಣವನ್ನು ಕೋರಸ್ಸು ಸಮೇತ ನಿಮ್ಮ ದನಿಯಲ್ಲಿ ಹಾಡಿ ಕಳಿಸಿ. ಯಾಕೆ, ಏನು ಎಂದು ಹೇಳಲಿಲ್ಲ. ಬಂದವು ನೋಡಿ ದನಿಗಳು! ಅಡುಗೆಮನೆಯಿಂದ, ಬಸ್ಸಿನಿಂದ, ಆಫೀಸಿನ ಮೆಟ್ಟಿಲ ಕೆಳಗಿನಿಂದ ಪಿಸುಗುಡುತ್ತಾ. ಒಬ್ಬರಿಗೂ ಶ್ರುತಿಯಿಲ್ಲ, ಕೆಲವರದಂತೂ ಕೇಳಿದರೆ ಹಾಲು ಒಡೆಯಬೇಕು. ಆದರೆ ಎಲ್ಲರೂ ಎರಡೇ ಸಲ ತೀರ ಕೇಳಿದರು, ಎಲ್ಲರೂ ಒಂದೇ ಜಾಗದಲ್ಲಿ 'ಇಲ್ಲೇ' ಎಂದರು. ಪಟಾಕಿಯೂ. ಆಮೇಲೆ ದೊಡ್ಡಕ್ಕ ಡ್ರೈವರನ ರೆಕಾರ್ಡಿಂಗನ್ನು ಗುಂಪಿಗೆ ಹಾಕಿದಳು.

ಗುಂಪು ಅದನ್ನು ಕೇಳಿತು. ಆಮೇಲೆ ಒಡೆದ ಜೇನುಗೂಡು. ಅರ್ಧದಷ್ಟು ಜನ ಛೆ ಎಂದು ತಮ್ಮ ಕಾಗೆಗಳನ್ನು ಅಳಿಸತೊಡಗಿದರು. ಇನ್ನರ್ಧ ದೊಡ್ಡಕ್ಕನ ಮೇಲೆ ಮುಗಿಬಿದ್ದರು. ಇದನ್ನು ಹೊರಗೆ ಬಿಟ್ಟರೆ ತಗಡು ಅನ್ನುವವರಿಗೆ ಹಬ್ಬ, ಉಂಡ ಮನೆಗೆ ಎರಡು ಬಗೆಯುತ್ತೀರಾ ಎಂದರು. ಪಟಾಕಿ ಕಟ್ಟಳೆ ಮೀರಲಿಲ್ಲ, ಬಾಯಲ್ಲೇ ಹೇಳಿದ.

"ತಪ್ಪು ಅವರದೇ ಇರ್ಲಿ ದೊಡ್ಡಕ್ಕ. ಮಗ ತಪ್ಪು ಮಾಡಿದ ಅಂತ ತಾಯಿ ಬೀದೀಲಿ ಕೂಗ್ತಾಳಾ? ಹೊಟ್ಟೆಗೆ ಹಾಕ್ಕೋಬೇಕು ತಾನೇ?"

"ಹಾಕ್ಕೋತೀನಪ್ಪ. ಆದ್ರೆ ನನ್ನ ಮಗ ಮಾಡಿದ ತಪ್ಪಿಗೆ ಪಕ್ಕದ ಮನೆ ಮಗಳಿಗೆ ಬೀದೀಲಿ ಹೊಡೀತಿದ್ರೆ? ನೋಡ್ಕೊಂಡು ಬಾಗಿಲು ಹಾಕ್ಕೊಳ್ಲಾ? ಹೊಡೀತಿರೋರೂ ನನ್ನ ಮಕ್ಕಳೇ ಕಣೋ."

ಪಟಾಕಿ ಬಳಗ ಬಿಟ್ಟು ಹೋದ, ಅವನ ಹಿಂದೆ ಸಾಲುಸಾಲಾಗಿ ಜನ ಹೋದರು. ಒಂದೊಂದೇ ಹೆಸರು ಕಳಚುವುದನ್ನು ನೋಡುತ್ತಾ ದೊಡ್ಡಕ್ಕ ಅತ್ತಳು. ಅವರಲ್ಲಿ ಎಷ್ಟೋ ಜನರ ಮದುವೆ, ಬಾಣಂತನ, ಪರೀಕ್ಷೆ ಎಲ್ಲ ಆಕೆಗೆ ಗೊತ್ತಿತ್ತು.

ಹೇಳಿಕೆ ಹಾಕಲಾರೆ, ತಪ್ಪು ಆ ಹೆಂಗಸಿನದಲ್ಲ ಎಂದು ಮ್ಯಾನೇಜರಿಗೆ ತಿಳಿಸಿದಳು. ಅವನ ದನಿಯಲ್ಲಿದ್ದ ಮೇಡಂ ಮಾಯವಾಯಿತು. ನಿಮ್ಮಂಥ ಗುಂಪು ಬೇಕಾದಷ್ಟಿವೆ, ವೇದಿಕೆಯನ್ನು ಮರೆತುಬಿಡಿ ಎಂದು ಫೋನ್ ಇಟ್ಟುಬಿಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ದೊಡ್ಡಕ್ಕ ಅಂದುಕೊಂಡು ಮತ್ತೆ ಮಷೀನು ತುಳಿದಳು. ಇಷ್ಟಕ್ಕೇ ಮುಗಿದಿದ್ದರೆ ಆಕೆ ತಡೆದುಕೊಳ್ಳುತ್ತಿದ್ದಳು.

ಮರುದಿನ ಮಧ್ಯಾಹ್ನ ಮಗಳು ಊಟಕ್ಕೆ ಕೂತಿದ್ದಾಗ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ದೊಡ್ಡಕ್ಕನ ಕೈಯಲ್ಲಿ ಬಟ್ಟೆಯಿತ್ತು, ಮಗಳೇ ಒತ್ತಿ ಸ್ಪೀಕರಿಗೆ ಹಾಕಿದಳು. ಅತ್ತಲಿಂದ ನಮಸ್ಕಾರ ಅಕ್ಕ ಎಂದ ದನಿ ಕೇಳಿ ದೊಡ್ಡಕ್ಕ ಎದ್ದು ನಿಂತಳು. ಆ ದನಿಯನ್ನು ಅವಳಿಗೆ ಯಾರೂ ಪರಿಚಯ ಮಾಡಿಸಬೇಕಾಗಿರಲಿಲ್ಲ. ಇಷ್ಟು ವರ್ಷ ನಮ್ಮ ಹುಡುಗ, ಅವನು, ಇವನು ಎಂದು ಆಡಿದ್ದವಳ ಬಾಯಲ್ಲಿ ಈಗ ಬಂದದ್ದು 'ನೀವು'.

ಕಂಚು ಸುತ್ತಿ ಬಳಸಿ ಮಾತಾಡಲಿಲ್ಲ. ಮ್ಯಾನೇಜರ್ ಒರಟಾಗಿ ಮಾತಾಡಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ, ವೇದಿಕೆ ನಿಮ್ಮದೇ ಎಂದ. ಇಪ್ಪತ್ತೈದು ವರ್ಷ ಹಾಡಿದ್ದೇನೆ, ಒಂದು ಸಾಲು ಮರೆತ ಗಾಯಕ ಎಂದು ಜನ ಇನ್ನು ಮುಂದೆ ನನ್ನನ್ನು ನೆನೆಯಬಾರದು ಎಂದ. ಆಮೇಲೆ ದನಿ ತಗ್ಗಿಸಿ ಹೇಳಿದ.

"ಈ ಒಂದ್ಸಲ ನನ್ನ ಮಾನ ಉಳಿಸಿ ಅಕ್ಕ. ನೀವು ಹೇಳಿದ್ರೆ ಜನ ನಂಬ್ತಾರೆ."

ದೊಡ್ಡಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಒಪ್ಪಿಬಿಡು ಎಂದು ಮನಸ್ಸಿನ ಅರ್ಧ ಕೂಗುತ್ತಿತ್ತು. ಯಾರಿಗುಂಟು ಯಾರಿಗಿಲ್ಲ, ಅವನೇ ಫೋನ್ ಮಾಡಿ ಕೇಳುತ್ತಿದ್ದಾನೆ. ಮಗಳು ತಟ್ಟೆಯಲ್ಲಿ ಕೈಯಿಟ್ಟುಕೊಂಡೇ ಅಮ್ಮನ ಮುಖ ನೋಡುತ್ತಿದ್ದಳು.

"ಆಯ್ತು," ಎಂದಳು ದೊಡ್ಡಕ್ಕ. "ಅದಕ್ಕೆ ಮುಂಚೆ ಆ ಎರಡನೇ ಚರಣ ಒಂದ್ಸಲ ಹೇಳಿ. ನನಗೊಬ್ಬಳಿಗೇ ಅಂತ ನೀವು ಹಾಡಿದ್ದು ಯಾವತ್ತೂ ಕೇಳಿಲ್ಲ."

ಅವನು ನಕ್ಕ, ಗಂಟಲು ಸರಿ ಮಾಡಿಕೊಂಡ, ಹಾಡಿದ. ಏನು ಹಾಡಿದ! ವಾದ್ಯವಿಲ್ಲ, ಮೈಕಿಲ್ಲ, ಬಟ್ಟೆಯ ಚೂರುಗಳು ಬಿದ್ದ ಆ ಪುಟ್ಟ ಅಂಗಡಿ ತುಂಬಿಹೋಯಿತು. ಮಗಳು ಉಣ್ಣುವುದನ್ನು ಮರೆತಳು. ತೀರ ಎಲ್ಲಿ? ಇನ್ನೂ ಎತ್ತರಕ್ಕೆ, ತೀರ ಎಲ್ಲಿ?

ಅವನು ನಿಂತ. ದೊಡ್ಡಕ್ಕನೂ ಸುಮ್ಮನಿದ್ದಳು, ತುದಿನಾಲಿಗೆಗೆ ಬಂದದ್ದನ್ನು ಹಲ್ಲು ಕಚ್ಚಿ ತಡೆದಳು. ಫೋನಿನಲ್ಲಿ ಬರೀ ಉಸಿರು. ಅವನು ಕಾಯುತ್ತಲೇ ಇದ್ದ. ಆಮೇಲೆ, ತನಗೆ ತಾನೇ ಹೇಳಿಕೊಂಡ ಹಾಗೆ, ಮೆಲ್ಲಗೆ ಅಂದ.

"ಇಲ್ಲಿ ಅವಳು ಬರಬೇಕು."

"ಬಂದಿದ್ದಳು," ಎಂದಳು ದೊಡ್ಡಕ್ಕ.

ಅತ್ತಲಿಂದ ಫೋನ್ ಕಟ್ಟಾಯಿತು. ಹಾಕಿ ಎಂದೂ ಹೇಳಲಿಲ್ಲ, ಹಾಕಬೇಡಿ ಎಂದೂ ಹೇಳಲಿಲ್ಲ.

ದೊಡ್ಡಕ್ಕ ಒಂದು ಲೋಟ ನೀರು ಕುಡಿದಳು. ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು, ಗುಂಪಿಗೂ ಊರಿಗೂ ಕೇಳುವ ಹಾಗೆ ತನ್ನ ದನಿಯಲ್ಲಿ ಹೇಳಿದಳು. ದೋಣಿ ಹಾಡಿನ ಒಂದೊಂದು ಉಸಿರೂ ಗೊತ್ತಿರುವವರು ನಾವು. ಆ ದಿನ ಕೋರಸ್ಸು ಸರಿಯಾಗಿತ್ತು, ಮರೆತದ್ದು ನಮ್ಮ ಗಾಯಕ. ಆ ತಾಯಿಗೆ ನಮ್ಮವರು ಮಾಡಿದ ಅವಮಾನಕ್ಕೆ ನಾನು ಕೈ ಮುಗಿದು ಕ್ಷಮೆ ಕೇಳುತ್ತೇನೆ. ಕಂಚು ನಮ್ಮ ಹುಡುಗ, ನಾಳೆಯೂ ನಮ್ಮ ಹುಡುಗನೇ. ಇಷ್ಟನ್ನೇ ಹೇಳಿ ಕಳಿಸಿದಳು. ಅವನು ಇನ್ನು ತನ್ನ ಮುಖ ನೋಡುವುದಿಲ್ಲ ಎಂಬುದು ಅವಳಿಗೆ ಖಾತ್ರಿಯಿತ್ತು. ಬೈಗುಳಗಳು ಬಂದವು, ಇನ್ನಷ್ಟು ಜನ ಹೋದರು. ಆ ಸಂಜೆ ಗಂಡ ಮಂಡಿನೋವಿನ ಮಾತೆತ್ತದೆ ಅವಳಿಗೆ ತಾನೇ ತಟ್ಟೆ ಹಾಕಿದ.

ಮರುದಿನ ಬೆಳಗ್ಗೆ ಔಷಧಿ ಅಂಗಡಿಯಿಂದ ಮಗಳು ಓಡಿ ಬಂದಳು, ಬಿಳಿ ಕೋಟನ್ನೂ ಬಿಚ್ಚಿರಲಿಲ್ಲ. ಅಂಗಡಿಯಲ್ಲಿ ಪ್ಯಾಂಟಿನ ಹೊಲಿಗೆ ಬಿಚ್ಚಿಸಲು ಬಂದವರು ಇಬ್ಬರಿದ್ದರು. ಅವರ ಎದುರಿಗೇ ಮೊಬೈಲನ್ನು ಹೊಲಿಗೆ ಮಷೀನಿನ ಮೇಲಿಟ್ಟು ಒತ್ತಿದಳು. ಚಿತ್ರವಿರಲಿಲ್ಲ, ಬರೀ ದನಿ. ಕಂಚುವಿನ ದನಿ.

"ತಪ್ಪು ನನ್ನದು. ಮರೆತವನು ನಾನು. ಎಲ್ಲರೆದುರಿಗೆ ಅಂದಿದ್ದಕ್ಕೆ ಎಲ್ಲರೆದುರಿಗೇ ಕ್ಷಮೆ ಕೇಳ್ತಿದ್ದೀನಿ. ಅವಳು ಸರಿಯಾದ ಜಾಗಕ್ಕೇ ಬಂದಿದ್ದಳು."

ದೊಡ್ಡಕ್ಕ ಇನ್ನೊಮ್ಮೆ ಹಾಕು ಎಂದಳು. ಇನ್ನೊಮ್ಮೆ ಹಾಕಿದಳು ಮಗಳು. ಗಿರಾಕಿಗಳು ಮುಖ ಮುಖ ನೋಡಿಕೊಂಡರು. ದೊಡ್ಡಕ್ಕನ ಕಣ್ಣಿಂದ ನೀರು ಹರಿಯುತ್ತಿತ್ತು, ಆದರೆ ಎದೆ ಎಷ್ಟು ಉಬ್ಬಿತ್ತೆಂದರೆ ಕೊರಳಿಗೆ ಹಾಕಿಕೊಂಡಿದ್ದ ಅಳತೆ ಟೇಪು ಜಾರಿ ಬಿತ್ತು. ಅದನ್ನು ಎತ್ತಿಕೊಂಡು, ಕಣ್ಣೊರೆಸಿಕೊಂಡು, ಮಗಳನ್ನೂ ಗಿರಾಕಿಗಳನ್ನೂ ಒಟ್ಟಿಗೇ ನೋಡಿದಳು.

"ನೋಡಿದ್ರಾ? ನಾನು ಸುಮ್ಸುಮ್ನೆ ಕಂಡಕಂಡೋರಿಗೆಲ್ಲ ಅಭಿಮಾನಿ ಆಗೋಳಲ್ಲ."