ಅರವತ್ತೆರಡು ಕಿಲೋ ರೋಗಿ

ಸ್ಟ್ರೆಚರ್ ತೂಕದ ದಾಖಲೆಯ ನಲವತ್ತೊಂದು ಸಾಲುಗಳಲ್ಲೂ ಒಂದೇ ತೂಕ: ಅರವತ್ತೆರಡು ಕಿಲೋ. ಸಿಗ್ನಲ್ ಎಂಜಿನಿಯರ್ ಆ ಹಾಳೆಯನ್ನು ಅಕ್ಕನ ಗಂಡನ ಕಡೆಗೆ ತಿರುಗಿಸಿಟ್ಟಳು. ಆಂಬುಲೆನ್ಸ್ ಚಾಲಕನಾದ ಅವನು ಅದನ್ನು ಮುಟ್ಟಲಿಲ್ಲ.

"ಒಬ್ಬನೇ ರೋಗಿ ನಲವತ್ತೊಂದು ಸಲ ಸಾಯೋಕೆ ಹೊರಟಿದ್ನಾ, ಭಾವ?"

"ಗಟ್ಟಿ ಪಿಂಡ. ಮರಳು ಮೂಟೆ ಅಷ್ಟು ಬೇಗ ಸಾಯಲ್ಲ."

ವಿಚಾರಣೆಗೆ ಕೂತಿದ್ದ ಮೇಲಧಿಕಾರಿ ನಗಲಿಲ್ಲ. ಆರೋಪ ಸಾಬೀತಾದರೆ ಚಾಲಕನ ಕೆಲಸ ಹೋಗುತ್ತಿತ್ತು.

ನಿಯಮ ಅವಳದೇ. ಸ್ಟ್ರೆಚರ್ ಮೇಲೆ ಇಪ್ಪತ್ತು ಕಿಲೋ ಭಾರವಿದ್ದರೆ ಮಾತ್ರ ಮುಂದಿನ ಸಿಗ್ನಲ್ ಆಂಬುಲೆನ್ಸಿಗೆ ಹಸಿರಾಗುತ್ತದೆ. ಖಾಲಿ ಗಾಡಿ ಓಡಿಸಿಕೊಂಡು ಹಸಿರಲ್ಲಿ ಊಟಕ್ಕೆ ಹೋಗುವವರ ಬಾಲ ಕತ್ತರಿಸಲೆಂದೇ ಮಾಡಿದ್ದು.

"ರೋಗೀನ ತರೋಕೆ ಹೋಗುವಾಗ ಸ್ಟ್ರೆಚರ್ ಮೇಲೆ ಯಾರು ಮಲಗಿರ್ತಾರೆ, ನಾದಿನಿ? ನಿಮ್ಮಪ್ಪನಾ?" ಚಾಲಕ ಕುರ್ಚಿ ಮುಂದಕ್ಕೆಳೆದ. "ಮೂರು ಕಿಲೋ ಕೂಸಿದ್ರೆ? ಕಲ್ಲು ಕಟ್ಟಿ ತೂಗಬೇಕಾ? ಓದಿದ್ದು ಜಾಸ್ತಿಯಾಗಿ ತಲೇಲಿ ಜಾಗ ಇಲ್ಲ ನಿನಗೆ."

ಅವಳ ಕಿವಿ ಬಿಸಿಯಾಯಿತು. ನಿಯಮವನ್ನು ಪರೀಕ್ಷಿಸಿದ ದಿನ ಗಾಡಿಗಳೆಲ್ಲ ಆಸ್ಪತ್ರೆಯ ಕಡೆಗೇ ಓಡಿದ್ದವು, ಪ್ರತಿಯೊಂದರಲ್ಲೂ ಒಬ್ಬ ಸಿಬ್ಬಂದಿ ರೋಗಿಯಂತೆ ಮಲಗಿದ್ದ. ರೋಗಿಯನ್ನು ತರಲು ಹೋಗುವ ದಾರಿಯನ್ನು ಅವಳು ಪರೀಕ್ಷಿಸಿಯೇ ಇರಲಿಲ್ಲ.

ತುರ್ತು ಕರೆಗಳ ದಾಖಲೆ ತೆರೆದಳು. ಒಂದೊಂದೇ ಸಮಯವನ್ನು ಹೋಲಿಸಿ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದಳು. ಮೂವತ್ತೆಂಟು ಸಲ ಅವನು ಕರೆ ಬಂದ ಮನೆಗೇ ಹೊರಟಿದ್ದ.

"ಉಳಿದ ಮೂರು?" ಎಂದು ಕೇಳಿದಳು.

"ಊಟಕ್ಕೆ," ಎಂದ. "ಹಸಿವಾಗಿತ್ತು. ನಿಮ್ಮಕ್ಕ ಕಾಯ್ತಿದ್ಲು."

ಮೇಲಧಿಕಾರಿ ಪೆನ್ನಿನ ಮುಚ್ಚಳ ತೆಗೆದು ಅವಳ ಕಡೆ ಚಾಚಿದ. "ಕೆಲಸದಿಂದ ತೆಗೆಯೋಕೆ ಮೂರು ಸಾಕಮ್ಮ. ಮೂವತ್ತೆಂಟರ ಸುದ್ದಿ ವರದೀಲಿ ಬೇಡ. ಆ ನಿಯಮಕ್ಕೆ ನನ್ನ ಸಹೀನೂ ಇದೆ."

ಚಾಲಕ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ. ಬೇಡುವ ನೋಟವಲ್ಲ, ನೀನು ಇಂಥವಳೇ ಎಂದು ನನಗೆ ಗೊತ್ತಿತ್ತು ಎನ್ನುವ ನೋಟ. ಅದೇ ಅವಳನ್ನು ಕೆರಳಿಸಿತು. ಮೂವತ್ತೆಂಟನ್ನು ಮೊದಲು ಬರೆದಳು: ನಿಯಮ ತಪ್ಪು, ಮಾಡಿದವಳು ನಾನು. ಕೆಳಗೆ ಮೂರನ್ನೂ ಬರೆದಳು, ತಾರೀಖು ಗಂಟೆ ಸಮೇತ. ಸಹಿ ಹಾಕಿದಳು.

"ನಮ್ಮಿಬ್ಬರಿಗೂ ಗುಂಡಿ ತೋಡಿದೆ ನೀನು," ಎಂದು ಮೇಲಧಿಕಾರಿ ಹಾಳೆ ಎಳೆದುಕೊಂಡು ಎದ್ದುಹೋದ.

"ಉಪಕಾರ ಮಾಡ್ದೆ ಅಂತ ಬೀಗಬೇಡ," ಎಂದ ಚಾಲಕ. "ಮನೇಲಿ ನಾನು ಮೂವತ್ತೆಂಟನ್ನ ಮಾತ್ರ ಹೇಳ್ತೀನಿ."

"ಹೇಳ್ಕೋ. ಗಾಡಿ ಕೀಲಿ ಇಟ್ಟು ಹೋಗು."

ಅವನು ಕೀಲಿಯನ್ನು ಮೇಜಿನ ಮೇಲೆ ಇಡಲಿಲ್ಲ, ಎಸೆದ. ಅದು ಜಾರಿ ಅವಳ ಕಾಲ ಬಳಿ ಬಿತ್ತು. ಅವನು ಬಾಗಿಲು ದಾಟುವವರೆಗೂ ಅವಳು ಬಗ್ಗಲಿಲ್ಲ.