ಮಾಮೆಜೋ ಮನೆಗೆ ಬಂದ

ಆರು ವರ್ಷದ ಪೋರನಿಗೆ ದನಿ ಕೊಡುತ್ತ ಕೊಡುತ್ತ ಹಿಸನೊ ಕುವಬಾರಾ ಅರವತ್ತರ ಹೊಸ್ತಿಲಿಗೆ ಬಂದಿದ್ದಳು. ಟೀವಿ ಕಾರ್ಟೂನಿನ ಆ ತುಂಟ ಮಾಮೆಜೋ ಮಾತ್ರ ಬೆಳೆಯಲೇ ಇಲ್ಲ. ಅವನನ್ನು ಕೇಳುತ್ತ ಬೆಳೆದವರಿಗೇ ಈಗ ಮಕ್ಕಳಾಗಿದ್ದವು. ಅವಳ ಮುಖ ಯಾರಿಗೂ ಗೊತ್ತಿರಲಿಲ್ಲ, ನಿಜ. ಟೋಕಿಯೋದ ರೈಲಿನಲ್ಲಿ ಎಲ್ಲರಂತೆ ನೂಕಿಸಿಕೊಂಡೇ ಹೋಗುವವಳು. ಆದರೆ ನಕಾನೊ ಪೇಟೆಯ ಮೀನಂಗಡಿಯಲ್ಲಿ ಒಮ್ಮೆ ತಮಾಷೆಗೆ ಆ ದನಿಯಲ್ಲಿ ಬಂಗುಡೆ ಕೇಳಿದ್ದೇ ತಡ, ಮಾಮೆಜೋ ಎಲ್ಲಿ ಅಂತ ಬೀದಿಯ ಮಕ್ಕಳೆಲ್ಲ ಒಳಗೆ ನುಗ್ಗಿದ್ದವು. ಅಂಥ ಹೆಸರು ಬೇಕೆಂದರೆ ಸಿಗುತ್ತದೆಯೇ?

ಅಂಥ ಗಂಟಲಲ್ಲೇ ಗಂಟು ಬೆಳೆಯಿತು. ಆಪರೇಷನ್ ಆಗಿ ಚಳಿಗಾಲವಿಡೀ ಬಾಯಿಗೆ ಬೀಗ. ಅಷ್ಟು ದಿನ ರಿಂಕಾ ಎಂಬ ಎಳೆಯ ನಟಿ ಮಾಮೆಜೋಗೆ ದನಿ ಕೊಟ್ಟಳು. ಚೆನ್ನಾಗಿಯೇ ಕೊಟ್ಟಳು, ಹಿಸನೊಳ ಹೊಟ್ಟೆಯುರಿಗೆ ಅದೇ ಕಾರಣ. ಇವತ್ತು ಹಿಸನೊಳ ದನಿ ಕೇಳಿ, ಪಾತ್ರ ಅವಳಿಗೋ ರಿಂಕಾಗೋ ಎಂದು ನಿರ್ದೇಶಕ ತೊಕುನಾಗಾ ತೀರ್ಮಾನಿಸುವವನಿದ್ದ.

ಸ್ಟುಡಿಯೋದಲ್ಲಿ ಬಾಗಿಲ ಪಕ್ಕದ ಕುರ್ಚಿಗಳು ಹೊಸಬರವು. ನಡುವಿನದು ಮುಖ್ಯ ಪಾತ್ರದವರದು. ಹಿಸನೊ ಒಳಬಂದವಳೇ ಬಾಗಿಲ ಪಕ್ಕ ಕೂತುಬಿಟ್ಟಳು. ಮಾಮೆಜೋನ ತಾತನಿಗೆ ದನಿ ಕೊಡುವ ಮುದುಕ ಓತಾಕಿಗೆ ರೇಗಿತು.

“ಏನಮ್ಮಾ, ಕೆಲಸ ಕಲಿಯೋಕೆ ಬಂದ್ಯಾ? ಎದ್ದು ಬಾ ಈ ಕಡೆ.”

“ಪಾತ್ರ ನಂದು ಅಂತಾದ್ಮೇಲೆ ಬರ್ತೀನಿ, ಓತಾಕಿ ಸಾನ್. ಅಲ್ಲೀವರೆಗೂ ಇದೇ ನನ್ನ ಜಾಗ.”

ಬಿಗುಮಾನ ಅಂದರೆ ಅದು! ಹಾಗಾದರೆ ತಾನೂ ಕೂರುವುದಿಲ್ಲವೆಂದು ಓತಾಕಿ ಎದ್ದ, ಉಳಿದವರೂ ಎದ್ದರು. ನಡುವಿನ ಕುರ್ಚಿಯ ಹತ್ತಿರ ರಿಂಕಾ ಕೂಡ ಸುಳಿಯಲಿಲ್ಲ.

ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತು. ತೆರೆಯ ಮೇಲೆ, ದಾರಿ ತಪ್ಪಿಸಿಕೊಂಡಿದ್ದ ಮಾಮೆಜೋ ಕೊನೆಗೂ ಮನೆ ಬಾಗಿಲಿಗೆ ಬಂದಿದ್ದ. ಇರುವ ಮೈಕುಗಳು ನಾಲ್ಕೇ. ತಮ್ಮ ಮಾತು ಬಂದಾಗ ಸದ್ದಿಲ್ಲದೆ ಮುಂದೆ ಬಂದು, ಮುಗಿದೊಡನೆ ಪಕ್ಕಕ್ಕೆ ಸರಿಯಬೇಕು. ಪುಟ ತಿರುವಿದ್ದೂ ಕೇಳಬಾರದು. ಹಿಸನೊ ಮೈಕಿನ ಮುಂದೆ ನಿಂತಳು.

“ತಾತಾ, ನಾನ್ ಬಂದೆ!”

ದನಿ ಮೊದಲಿನದಲ್ಲ. ಕೊನೆಗೆ ಒಂಚೂರು ಒರಟು, ಅತ್ತೂ ಅತ್ತೂ ಬಂದ ಹುಡುಗನ ಹಾಗೆ. ಈಗ ತಾತ ಮಾತಾಡಬೇಕು, ಆಮೇಲೆ ನೆರೆಮನೆ ಹುಡುಗಿಯಾಗಿ ರಿಂಕಾ. ಯಾರೂ ಮೈಕಿಗೆ ಬರಲಿಲ್ಲ. ತೆರೆಯ ಮೇಲೆ ತಾತನ ಬಾಯಿ ಮೂಕವಾಗಿ ಆಡಿತು. ಮುಗಿಯಿತು ನನ್ನ ಕಥೆ ಅಂದುಕೊಂಡಳು ಹಿಸನೊ.

ಚಿತ್ರ ನಿಂತಿತು. ಓತಾಕಿ ಸಾನ್ ಮಾತು ಬಿಟ್ಟಿರಲ್ಲ, ಏನಾಯಿತು ಎಂದು ಗಾಜಿನಾಚೆಯಿಂದ ತೊಕುನಾಗಾ ಕೇಳಿದ. ಆ ಮುದುಕ ಜನ್ಮದಲ್ಲಿ ಒಂದು ಮಾತು ತಪ್ಪಿಸಿದವನಲ್ಲ.

ಹಿಸನೊ ತಿರುಗಿ ನೋಡಿದರೆ, ಓತಾಕಿ ಮೂಗೊರೆಸಿಕೊಳ್ಳುತ್ತಿದ್ದ. ರಿಂಕಾ ಹಾಳೆಗಳನ್ನು ಮುಖಕ್ಕೆ ಒತ್ತಿಕೊಂಡು ಅಳುತ್ತಿದ್ದಳು. ಊರ ಮಕ್ಕಳ ಮೆಚ್ಚುಗೆ ಒಂದು ಕಡೆ, ಕಸುಬುದಾರರೇ ಕಸುಬು ಮರೆತು ನಿಂತದ್ದು ಇನ್ನೊಂದು ಕಡೆ. ಅವಳ ಎದೆಯುಬ್ಬಿ ಬಂತು.

“ಮೊಮ್ಮಗ ಎಷ್ಟೋ ದಿನದ ಮೇಲೆ ಮನೆಗೆ ಬಂದಿದಾನೆ,” ಅಂದ ಮುದುಕ. “ಒಂದ್ನಿಮಿಷ ನೋಡೋಕಾದ್ರೂ ಬಿಡಪ್ಪಾ.”

ತೊಕುನಾಗಾ ಗಾಜಿನ ಹತ್ತಿರ ಬಂದ.

“ನಿಧಾನಕ್ಕೆ ನೋಡ್ಕೊಳ್ಳಿ,” ಅಂದ. “ಇನ್ಮೇಲೆ ಅವನು ಎಲ್ಲೂ ಹೋಗಲ್ಲ.”